ಬಿಳಿ ಎಂದರೆ ಯಾವ ಬಿಳಿ?

ಮನೆಯಲ್ಲಿ ಕಾರಿದ್ದರೆ ಅದರ ಆರ್‌ಸಿ ತೆಗೆದು ಬಣ್ಣದ ಕಾಲಂ ಒಮ್ಮೆ ನೋಡಿ. ಚಾಸಿ ನಂಬರಿನ 17 ಅಕ್ಷರ, ಅಂಕಿಗಳಲ್ಲಿ ಒಂದನ್ನೂ ಬಿಡದೆ ಮುದ್ರಿಸಿರುವ ಆ ಕಾರ್ಡು ಬಣ್ಣದ ವಿಷಯ ಬಂದಾಗ ‘ವೈಟ್’ ಎಂದಷ್ಟೇ ಹೇಳಿ ಸುಮ್ಮನಾಗಿರುತ್ತದೆ. ಹೆಚ್ಚೆಂದರೆ ಕಂಪನಿ ಇಟ್ಟ ಹೆಸರನ್ನು ಅರ್ಧ ಕತ್ತರಿಸಿ ಹಾಕಿರುತ್ತದೆ. ತಪಾಸಣೆಗೆ ನಿಂತ ಪೊಲೀಸರಿಗೆ ಅಷ್ಟು ಸಾಕು. ಆದರೆ ಬಾಗಿಲಿಗೆ ಗೀರು ಬಿದ್ದ ದಿನ ಪೇಂಟ್ ಅಂಗಡಿಗೆ ಹೋಗಿ ‘ಸ್ವಲ್ಪ ಬಿಳಿ ಬಣ್ಣ ಕೊಡಿ’ ಎಂದರೆ, ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ‘ಯಾವ ಬಿಳಿ?’

ಪ್ರಶ್ನೆ ತಮಾಷೆಯದಲ್ಲ. ಮಾರುತಿಯದು ಸುಪೀರಿಯರ್ ವೈಟ್, ಹೋಂಡಾದ್ದು ಟಫೆಟಾ ವೈಟ್, ಹುಂಡೈನದು ಪೋಲಾರ್ ವೈಟ್, ಫೋಕ್ಸ್‌ವ್ಯಾಗನ್‌ನದು ಕ್ಯಾಂಡಿ ವೈಟ್. ಇವುಗಳ ಜೊತೆಗೆ ಮುತ್ತಿನಂತೆ ಹೊಳೆಯುವ ‘ಪರ್ಲ್’ ಬಿಳಿಗಳದೇ ಇನ್ನೊಂದು ಸಂಸಾರ. ಹಾಲು, ಸುಣ್ಣ, ಅನ್ನ, ಮಲ್ಲಿಗೆ ಎಲ್ಲವನ್ನೂ ನಾವು ಬಿಳಿ ಎಂದೇ ಕರೆಯುತ್ತೇವೆ. ಒಂದರ ಪಕ್ಕ ಒಂದನ್ನು ಇಟ್ಟಾಗಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು. ಕಾರಿನ ಬಿಳಿಯಲ್ಲೂ ಬರೀ ಬಿಳಿ ಇರುವುದಿಲ್ಲ. ಚೂರು ಕಪ್ಪು, ಚೂರು ಹಳದಿ, ಕೆಲವೊಮ್ಮೆ ಚೂರು ನೀಲಿ ಸೇರಿದರೇ ಅದು ಆ ಕಂಪನಿಯ ಬಿಳಿ. ಆ ಚೂರುಗಳು ಹೆಚ್ಚುಕಡಿಮೆಯಾದರೆ ಬಾಗಿಲು ಒಂದು ಕಾರಿನದು, ಫೆಂಡರ್ ಇನ್ನೊಂದು ಕಾರಿನದು ಎನ್ನುವ ಹಾಗೆ ಕಾಣುತ್ತದೆ.

ಈ ಗೊಂದಲ ಬೇಡವೆಂದೇ ಪ್ರತಿ ಬಣ್ಣಕ್ಕೂ ಕಂಪನಿಗಳು ಒಂದು ಕೋಡ್ ಕೊಟ್ಟಿವೆ. ಸುಪೀರಿಯರ್ ವೈಟ್ ಎಂದರೆ 26ಯು. ಮಾರುತಿಯದೇ ಸಿಲ್ಕಿ ಸಿಲ್ವರ್ ಎಂದರೆ ಝಡ್2ಎಸ್. ಹೋಂಡಾದ ಟಫೆಟಾ ವೈಟ್ ಎನ್‌ಎಚ್-578. ಈ ಕೋಡುಗಳನ್ನು ಓದುವುದರಲ್ಲೂ ಒಂದು ಮಜಾ ಇದೆ. ಹೋಂಡಾದವರು ಕಪ್ಪು, ಬಿಳಿ, ಬೂದು ಬಣ್ಣಗಳಿಗೆಲ್ಲ ‘ಎನ್‌ಎಚ್’ ಎಂದು ಶುರುಮಾಡುತ್ತಾರೆ. ಕೆಂಪಾದರೆ ‘ಆರ್’, ನೀಲಿಯಾದರೆ ‘ಬಿ’. ಕೊನೆಯಲ್ಲಿ ‘ಎಂ’ ಇದ್ದರೆ ಮೆಟಾಲಿಕ್, ‘ಪಿ’ ಇದ್ದರೆ ಪರ್ಲ್. ಟೊಯೊಟಾದಲ್ಲಿ ಮೊದಲ ಅಂಕಿಯೇ ಬಣ್ಣದ ಜಾತಿ ಹೇಳುತ್ತದೆ. 0 ಬಿಳಿ, 1 ಬೆಳ್ಳಿ ಮತ್ತು ಬೂದು, 2 ಕಪ್ಪು, 3 ಕೆಂಪು, 8 ನೀಲಿ. ಅವರ ಸೂಪರ್ ವೈಟ್ 040 ಆದರೆ, ಪರ್ಲ್ ಬಿಳಿ 070. ಎರಡೂ ಬಿಳಿಯೇ, ಆದರೆ ಒಂದರ ಡಬ್ಬಿಯಿಂದ ಇನ್ನೊಂದಕ್ಕೆ ತೇಪೆ ಹಾಕಿದರೆ ದಾರಿಹೋಕರೂ ತಿರುಗಿ ನೋಡುತ್ತಾರೆ.

ಹಾಗಾದರೆ ನಮ್ಮ ಕಾರಿನ ಕೋಡ್ ಎಲ್ಲಿದೆ? ಇಲ್ಲಿಂದ ಶುರುವಾಗುತ್ತದೆ ಕಣ್ಣಾಮುಚ್ಚಾಲೆ. ಕೆಲವು ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಕೆಲವದರಲ್ಲಿ ಬಾನೆಟ್ ಎತ್ತಿದಾಗ ಕಾಣುವ ಸಣ್ಣ ತಗಡಿನ ಮೇಲೆ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಡಿಕ್ಕಿಯೊಳಗೆ ಸ್ಟೆಪ್ನಿ ಇಡುವ ಗುಂಡಿಯ ಹತ್ತಿರವೋ ಸರ್ವಿಸ್ ಪುಸ್ತಕದಲ್ಲೋ ಚೀಟಿ ಅಂಟಿಸಿರುತ್ತಾರೆ. ಟೊಯೊಟಾದ ತಗಡಿನಲ್ಲಿ ‘ಸಿ/ಟಿಆರ್’ ಎಂಬ ಗುರುತು ಹುಡುಕಬೇಕು. ಅದರ ಮುಂದೆ ಮೊದಲು ಬರುವುದು ಹೊರಗಿನ ಬಣ್ಣ, ಗೆರೆ ದಾಟಿದ ಮೇಲಿನದು ಒಳಗಿನ ಸೀಟು ಬಟ್ಟೆಯದು. ‘ಇದು ಪೇಂಟ್ ಕೋಡ್’ ಎಂದು ತಿಳಿಯುವ ಭಾಷೆಯಲ್ಲಿ ಬರೆದಿರುವುದು ಅಪರೂಪ. ಹತ್ತಾರು ಅಂಕಿಗಳ ನಡುವೆ ಅದೂ ಒಂದು. ಹಾಗಾಗಿ ಎಷ್ಟೋ ಜನ ಚಾಸಿ ನಂಬರನ್ನೇ ಬಣ್ಣದ ಕೋಡ್ ಎಂದುಕೊಂಡು ಅಂಗಡಿಗೆ ಬರೆದುಕೊಂಡು ಹೋಗುತ್ತಾರೆ. ಚಾಸಿ ನಂಬರಿನೊಳಗೆ ಬಣ್ಣ ಇಲ್ಲ. ಆ ನಂಬರ್ ಹಾಕಿ ತನ್ನ ದಾಖಲೆಯಲ್ಲಿ ಹುಡುಕಿ ಹೇಳುವ ಶಕ್ತಿ ಕಂಪನಿಗೆ ಮಾತ್ರ ಇದೆ. ಗಮನಿಸಿ, ‘ಕಂಪನಿಗೆ ಮಾತ್ರ’.

ಬಣ್ಣಕ್ಕೆ ಕೋಡ್ ಬೇಕಿಲ್ಲದ ಕಾಲವೂ ಒಂದಿತ್ತು. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು 1914ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪು ಬಿಟ್ಟು ಬೇರೆ ಬಣ್ಣದಲ್ಲಿ ಬರಲೇ ಇಲ್ಲ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಬೇಗ ಒಣಗುವ, ಬಣ್ಣಬಣ್ಣದ ಲ್ಯಾಕರ್ ಪೇಂಟನ್ನು ಮಾರುಕಟ್ಟೆಗೆ ತಂದ ಮೇಲೆ ಕಾರುಗಳಿಗೆ ನೀಲಿ, ಹಸಿರು ಸಲೀಸಾಗಿ ದಕ್ಕಿದವು. ಆ ಪೇಂಟಿನ ಹೆಸರು ಡ್ಯೂಕೊ. ಅಲ್ಲಿ ಆ ಹೆಸರು ಮಾಸಿ ಎಷ್ಟೋ ಕಾಲವಾಯಿತು. ನಮ್ಮ ಗ್ಯಾರೇಜುಗಳ ಬೋರ್ಡಿನಲ್ಲಿ ಮಾತ್ರ ‘ಡ್ಯೂಕೊ ಪೇಂಟಿಂಗ್’ ಇವತ್ತಿಗೂ ಅಳಿಸಿಲ್ಲ. ಬೀರುವಿಗೆ ಹೊಡೆದರೂ ಡ್ಯೂಕೊ, ಬಸ್ಸಿಗೆ ಹೊಡೆದರೂ ಡ್ಯೂಕೊ.

ಒಂದು ಗೀರಿಗೆ ಇಷ್ಟೆಲ್ಲ ಪುರಾಣ ಏಕೆ ಎಂದು ಕೇಳಬಹುದು. ಕಾರಿನ ಮೈಮೇಲಿನ ಪೇಂಟು ಎಷ್ಟು ತೆಳು ಎನ್ನುವುದು ಗೊತ್ತಾದರೆ ಕಾರಣ ತಿಳಿಯುತ್ತದೆ. ತಗಡನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಕೂರಿಸಿದ ತುಕ್ಕುನಿರೋಧಕ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂಥ ಕ್ಲಿಯರ್ ಕೋಟ್. ಈ ನಾಲ್ಕೂ ಸೇರಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಒಂದು ಜಲ್ಲಿಕಲ್ಲು ನಾಲ್ಕನ್ನೂ ಒಟ್ಟಿಗೆ ಕಿತ್ತು ತಗಡು ತೋರಿಸಬಲ್ಲದು. ಅಲ್ಲಿಂದ ಮುಂದೆ ಮಳೆಗೆ ಕೆಲಸ ಸುಲಭ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಸುಲಭ. ತುಕ್ಕು ಇದ್ದಲ್ಲೇ ಇರುವುದಿಲ್ಲ. ಪೇಂಟಿನ ಅಡಿಯಲ್ಲಿ ಗೆದ್ದಲಿನಂತೆ ಸುತ್ತ ಹರಡುತ್ತದೆ. ಎಳ್ಳುಕಾಳಿನಷ್ಟಿದ್ದ ಗಾಯ ಎರಡು ಮಳೆಗಾಲ ಕಳೆಯುವುದರಲ್ಲಿ ಗುಳ್ಳೆ ಎದ್ದು ಹಪ್ಪಳದಂತೆ ಉಬ್ಬಿರುತ್ತದೆ. ಆಮೇಲೆ ಟಚಪ್ ಮಾತಿಲ್ಲ. ತಗಡು ಕತ್ತರಿಸುವ ಟಿಂಕರಿಂಗ್ ಕೆಲಸವೇ.

ಆದ್ದರಿಂದ ಎಳ್ಳುಕಾಳಿನಷ್ಟಿರುವಾಗಲೇ ಮುಚ್ಚಬೇಕು. ಮುಚ್ಚಲು ಬೇಕಾದ್ದು ಸರಿಯಾದ ಬಣ್ಣದ ಒಂದು ಪುಟ್ಟ ಬಾಟಲಿ, ಬೆಲೆ ಕೆಲವು ನೂರು ರೂಪಾಯಿ. ಆದರೆ ಸರ್ವಿಸ್ ಸೆಂಟರಿಗೆ ಹೋದರೆ ಸಿಗುವ ಉತ್ತರ ಬೇರೆ. ಟ್ಯಾಕ್ಸಿ ಓಡಿಸುವ ನಮ್ಮ ಚಿಕ್ಕಪ್ಪ ಹಿಂದಿನ ಬಾಗಿಲಿನ ಅಂಚಿನಲ್ಲಿ ಬೆರಳುಗುರಿನಷ್ಟು ಪೇಂಟು ಹಾರಿದ್ದನ್ನು ತೋರಿಸಿದಾಗ, ‘ಪೂರ್ತಿ ಬಾಗಿಲು ಹೊಡೀಬೇಕು ಸರ್, ಶೇಡ್ ಸೇರಬೇಕು ಅಂದ್ರೆ ಪಕ್ಕದ ಪ್ಯಾನಲ್ಲೂ ಮಾಡಿಸಿಬಿಡಿ’ ಎಂದರು. ‘ಬಣ್ಣದ ನಂಬರಾದರೂ ಹೇಳಿ’ ಎಂದರೆ ‘ಅದೆಲ್ಲ ಸಿಸ್ಟಮ್ಮಲ್ಲಿರುತ್ತೆ’ ಎಂಬ ಉತ್ತರ ಬಂತು. ಇನ್ಶೂರೆನ್ಸ್ ಇದೆಯಲ್ಲ ಎನ್ನುವವರು ಲೆಕ್ಕ ಹಾಕಿ ನೋಡಬೇಕು. ಖಾಸಗಿ ಕಾರಿನ ಪ್ರತಿ ಕ್ಲೇಮಿನಲ್ಲೂ ಮೊದಲ 1,000 ರೂಪಾಯಿ ನಮ್ಮದೇ, 1,500 ಸಿಸಿ ದಾಟಿದ ಕಾರಾದರೆ 2,000. ಸಾಮಾನ್ಯ ಪಾಲಿಸಿಯಲ್ಲಿ ಪೇಂಟಿನ ಸಾಮಗ್ರಿ ವೆಚ್ಚಕ್ಕೆ ಅರ್ಧದಷ್ಟು ಸವಕಳಿ ಕಳೆಯುತ್ತಾರೆ. ಅದರ ಮೇಲೆ 20ರಿಂದ 50 ಪ್ರತಿಶತದವರೆಗೆ ಕೂಡಿಟ್ಟುಕೊಂಡು ಬಂದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಹೀಗಾಗಿ ಬಹಳ ಜನ ಮಾಡುವುದು ಮೂರನೆಯದನ್ನೇ: ಏನೂ ಮಾಡದೆ ಬಿಡುವುದು. ತುಕ್ಕಿಗೆ ಬೇಕಾಗಿರುವುದೂ ಅದೇ.

ಹಾಗೆಂದು ಕೋಡ್ ಸಿಕ್ಕಿದ ಕೂಡಲೇ ಎಲ್ಲ ಮುಗಿಯಿತು ಎನ್ನುವಂತಿಲ್ಲ. ಕೋಡ್ ಹೇಳುವುದು ಕಾರು ಕಾರ್ಖಾನೆಯಿಂದ ಹೊರಟ ದಿನ ಯಾವ ಬಣ್ಣ ಇರಬೇಕಿತ್ತು ಎಂಬುದನ್ನು. ಅದು ಜಾತಕ ಇದ್ದ ಹಾಗೆ, ಮನುಷ್ಯ ಈಗ ಹೇಗಿದ್ದಾನೆ ಎನ್ನುವುದು ಅದರಲ್ಲಿ ಇರುವುದಿಲ್ಲ. ಒಂದೇ ಕೋಡಿನ ಬಣ್ಣವೂ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ, ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ಜಾರಿರುತ್ತದೆ. ಪೇಂಟ್ ಕಂಪನಿಗಳು ಒಂದೇ ಕೋಡಿಗೆ ಹಲವು ‘ವೇರಿಯಂಟ್’ ಸೂತ್ರಗಳನ್ನು ಇಟ್ಟಿರುವುದು ಅದಕ್ಕೇ. ಮೇಲಿಂದ ನಮ್ಮ ಬಿಸಿಲು. ಐದಾರು ವರ್ಷ ಬಯಲಲ್ಲೇ ನಿಂತ ಕಾರಿನ ಮೇಲ್ಛಾವಣಿಯ ಕೆಂಪಿಗೂ ಬಾಗಿಲಿನೊಳಗಿನ ಅಂಚಿನ ಕೆಂಪಿಗೂ ಅಣ್ಣತಮ್ಮಂದಿರಷ್ಟು ಹೋಲಿಕೆ ಉಳಿದರೆ ಪುಣ್ಯ. ಬಂಪರ್ ವಿಷಯ ಕೇಳಲೇಬೇಡಿ. ಅದು ಪ್ಲಾಸ್ಟಿಕ್ಕು. ಅದಕ್ಕೆ ತಗಡಿನಷ್ಟು ಕಾಯಿಸುವಂತಿಲ್ಲ, ಅದರ ಪೇಂಟು ಹೆಚ್ಚಾಗಿ ಬೇರೆಯೇ ಕಡೆ ಆಗಿರುತ್ತದೆ. ಹೊಸ ಕಾರಿನಲ್ಲೂ ಬಂಪರು, ಫೆಂಡರಿನ ಬಣ್ಣ ಸ್ವಲ್ಪ ಬೇರೆ ಕಾಣುವುದುಂಟು.

ಮೆಟಾಲಿಕ್ ಬಣ್ಣದಲ್ಲಿ ಕಷ್ಟ ದುಪ್ಪಟ್ಟು. ಅದರೊಳಗೆ ಅಲ್ಯೂಮಿನಿಯಂನ ಸಣ್ಣಸಣ್ಣ ಹಳಕುಗಳಿರುತ್ತವೆ. ಬೆಳಕನ್ನು ಹಿಂದಕ್ಕೆ ಎಸೆಯುವ ಕನ್ನಡಿಗಳು ಅವೇ. ಗನ್ ದೂರ ಹಿಡಿದು ಒಣ ಒಣಗಾಗಿ ಹೊಡೆದರೆ ಬಣ್ಣ ತಿಳಿಯಾಗುತ್ತದೆ, ಹತ್ತಿರದಿಂದ ಒದ್ದೆಯಾಗಿ ಹೊಡೆದರೆ ಗಾಢವಾಗುತ್ತದೆ. ಡಬ್ಬಿ ಅದೇ, ಕೋಡ್ ಅದೇ, ಕೈ ಬೇರೆ ಅಷ್ಟೆ. ಸಿಲ್ವರ್ ಕಾರಿಗೆ ಬ್ರಷ್ಷಿನಲ್ಲಿ ಟಚಪ್ ಮಾಡಿದಾಗ ಕಪ್ಪು ಮಚ್ಚೆಯಂತೆ ಕಾಣುವುದು ಇದೇ ಕಾರಣಕ್ಕೆ. ಹಳಕುಗಳು ಮಲಗಬೇಕಾದ ರೀತಿಯಲ್ಲಿ ಮಲಗಿರುವುದಿಲ್ಲ. ಅದನ್ನು ನೋಡಿ ‘ತಪ್ಪು ಬಣ್ಣ ಕೊಟ್ಟರು’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗುವವರಿದ್ದಾರೆ.

ಈ ಕೂದಲೆಳೆಯ ಅಂತರ ತುಂಬುವುದು ಬಣ್ಣ ಬೆರೆಸುವವರ ಕಣ್ಣು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಅಂಥವರಿದ್ದಾರೆ, ನಾವು ಕಣ್ಣೆತ್ತಿ ನೋಡಿರುವುದಿಲ್ಲ. ಚಿಕ್ಕಪ್ಪನ ಕಾರಿನ ತಗಡಿನ ಮೇಲಿದ್ದ ಕೋಡನ್ನು ಕಾಗದದಲ್ಲಿ ಬರೆದುಕೊಂಡು ನಮ್ಮೂರಿನ ಅಂಗಡಿಗೆ ಹೋದಾಗ ಅಲ್ಲಿನ ಯಜಮಾನರು ಕಾಗದ ನೋಡಿ, ‘ಇದು ಸರಿ ಕಣಪ್ಪ, ಆದ್ರೆ ಪೆಟ್ರೋಲ್ ಮುಚ್ಚಳ ಎಲ್ಲಿ?’ ಎಂದರು. ಇಂಧನ ತುಂಬುವ ಬಾಯಿಯ ಮೇಲಿನ ಪುಟ್ಟ ತಗಡನ್ನು ಬಿಚ್ಚಿ ತಂದುಕೊಡುವುದು ಈ ಕಸುಬಿನ ರೂಢಿ. ಕಾರಿನ ಜೊತೆಗೇ ಬಿಸಿಲುಂಡ ತುಂಡು ಅದು. ಅವರು ಅದನ್ನು ಮೊದಲು ಪಾಲಿಶ್ ಹಚ್ಚಿ ಉಜ್ಜಿದರು. ಕೊಳೆಗೆ ಬಣ್ಣ ಸೇರಿಸಿ ಏನು ಪ್ರಯೋಜನ? ಕಂಪ್ಯೂಟರಿನಲ್ಲಿ ಕೋಡ್ ಹಾಕಿದಾಗ ಸೂತ್ರ ಬಂತು: ಇಂತಿಷ್ಟು ಗ್ರಾಂ ಬಿಳಿ, ಇಷ್ಟು ಹಳದಿ, ಇಷ್ಟು ಕಪ್ಪು. ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ತಕ್ಕಡಿಯ ಮೇಲೆ ಡಬ್ಬಿ ಇಟ್ಟು ಸುರಿದರು. ಒಂದು ಕಾರ್ಡಿಗೆ ಹೊಡೆದು, ಒಣಗಿಸಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ರಸ್ತೆಗೇ ತಂದು ಬಿಸಿಲಿನಲ್ಲಿ ಮುಚ್ಚಳದ ಪಕ್ಕ ಹಿಡಿದರು. ನೇರ ನೋಡಿದರು, ಓರೆಯಾಗಿಸಿ ನೋಡಿದರು. ‘ಹಳದಿ ಒಂದು ಹನಿ ಬೇಕು’ ಎಂದು ಒಳಗೆ ಹೋದರು. ನನ್ನ ಕಣ್ಣಿಗೆ ಎರಡೂ ಒಂದೇ ಇದ್ದವು. ಹನಿ ಸೇರಿದ ಮೇಲಿನ ಕಾರ್ಡು ಹಿಡಿದಾಗಲೇ ಮೊದಲಿನದು ಬೇರೆ ಇತ್ತೆಂದು ನನಗೆ ಹೊಳೆದದ್ದು.

ಬಿಸಿಲಿಗೇ ಏಕೆ ತರಬೇಕು ಎನ್ನುವುದಕ್ಕೆ ವಿಜ್ಞಾನದ ಕಾರಣ ಇದೆ. ಬೇರೆ ಬೇರೆ ಬಣ್ಣದ ಪುಡಿಗಳಿಂದ ಮಾಡಿದ ಎರಡು ಪೇಂಟುಗಳು ಒಂದು ದೀಪದಡಿ ಅವಳಿಗಳಂತೆ ಕಂಡು, ಇನ್ನೊಂದು ಬೆಳಕಿನಲ್ಲಿ ಅಪರಿಚಿತರಾಗಬಹುದು. ಮೆಟಮೆರಿಸಂ ಎಂದು ಇದರ ಹೆಸರು. ಸೀರೆ ಅಂಗಡಿಯಲ್ಲಿ ರವಿಕೆ ಕಣ ಹೊಂದಿಸುವಾಗ ‘ಒಂದು ನಿಮಿಷ ಹೊರಗೆ ಬೆಳಕಿಗೆ ಹಿಡಿದು ನೋಡ್ತೀನಿ’ ಎನ್ನುವ ನಮ್ಮ ಅಮ್ಮಂದಿರಿಗೆ ಹೆಸರು ಗೊತ್ತಿಲ್ಲದಿದ್ದರೂ ವಿಷಯ ಗೊತ್ತಿದೆ. ಈಗ ದೊಡ್ಡ ವರ್ಕ್‌ಶಾಪುಗಳಲ್ಲಿ ಸ್ಪೆಕ್ಟ್ರೊಫೋಟೊಮೀಟರ್ ಎಂಬ ಉಪಕರಣ ಬಂದಿದೆ. ಬಾಗಿಲಿಗೆ ಒತ್ತಿ ಹಿಡಿದರೆ ಹಲವು ಕೋನಗಳಿಂದ ಬಣ್ಣ ಅಳೆದು ಹತ್ತಿರದ ಸೂತ್ರ ಹುಡುಕಿಕೊಡುತ್ತದೆ. ಒಳ್ಳೆಯದೇ. ಆದರೂ ಕೊನೆಗೆ ಕಾರ್ಡಿಗೆ ಹೊಡೆದು ಬೆಳಕಿಗೆ ಹಿಡಿದು ‘ಹೂಂ’ ಎನ್ನಬೇಕಾದವರು ಮನುಷ್ಯರೇ.

ಸಣ್ಣ ಗಾಯವನ್ನು ಮನೆಯಲ್ಲೇ ಮುಚ್ಚಿಕೊಳ್ಳಬಹುದು. ಮೊದಲು ಉಗುರಿನಿಂದ ಗೀರಿನ ಮೇಲೆ ಅಡ್ಡ ಎಳೆಯಿರಿ. ಉಗುರು ಎಡವದಿದ್ದರೆ ಕ್ಲಿಯರ್ ಕೋಟ್ ಮಾತ್ರ ಕೆರೆದಿದೆ ಎಂದು ಅರ್ಥ. ಅದಕ್ಕೆ ಪೇಂಟೇ ಬೇಡ, ರಬ್ಬಿಂಗ್ ಕಾಂಪೌಂಡ್ ಸಾಕು. ಎಷ್ಟೋ ಸಲ ನಮ್ಮ ಕಾರಿನ ಮೇಲಿನ ‘ಗೀರು’ ಪಕ್ಕದ ವಾಹನದ ಪೇಂಟು ಅಂಟಿಕೊಂಡದ್ದಾಗಿರುತ್ತದೆ, ಉಜ್ಜಿದರೆ ಹೋಗುತ್ತದೆ. ತಗಡು ಕಂಡಿದ್ದರೆ ತುಕ್ಕಿನ ಪುಡಿ ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಜಿಡ್ಡು ಒರೆಸಿ, ಒಂದು ಚುಕ್ಕಿ ಪ್ರೈಮರ್ ಇಟ್ಟು ಒಣಗಲು ಬಿಡಬೇಕು. ಬಣ್ಣದ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಮೆಟಾಲಿಕ್ ಆದರಂತೂ ತಳದಲ್ಲಿ ಕೂತ ಹಳಕು ಏಳುವವರೆಗೆ. ಬಾಟಲಿಯ ಜೊತೆ ಬರುವ ದಪ್ಪ ಬ್ರಷ್ಷಿಗಿಂತ ಹಲ್ಲುಕಡ್ಡಿ ಮೇಲು. ತುದಿಯಲ್ಲಿ ಒಂದು ಹನಿ ತೆಗೆದು ಗುಳಿಯೊಳಗೆ ಬಿಡುವುದು, ಒಣಗಿದ ಮೇಲೆ ಇನ್ನೊಂದು ಹನಿ. ಒಂದೇ ಸಲ ತುಂಬಿಸಿದರೆ ಅಂಚಿಗೆ ಹರಿದು ಒಣಗಿ ಮೊಡವೆಯಾಗುತ್ತದೆ. ಮಳೆಯ ತೇವವೂ ಬೇಡ, ಮುಟ್ಟಿದರೆ ಸುಡುವ ಬಾನೆಟ್ಟೂ ಬೇಡ. ಬೆಳಗಿನ ನೆರಳು ಒಳ್ಳೆಯದು. ಬೆರಳುದ್ದ ಮೀರಿದ ಗಾಯವಾದರೆ ಪೇಂಟರ್ ಬಳಿಗೇ ಹೋಗಿ. ಅವರು ಬಣ್ಣವನ್ನು ಸುತ್ತ ತೆಳುವಾಗುತ್ತಾ ಹೋಗುವಂತೆ ಹರಡಿ, ಕ್ಲಿಯರನ್ನು ಇಡೀ ಪ್ಯಾನಲಿಗೆ ಹೊಡೆಯುತ್ತಾರೆ. ಪಕ್ಕದ ಪ್ಯಾನಲಿಗೂ ಸ್ವಲ್ಪ ಹರಡಬೇಕಾಗುವುದು ಮೆಟಾಲಿಕ್, ಪರ್ಲ್‌ಗಳಲ್ಲಿ ನಿಜವಾಗಿಯೂ ಇದೆ. ಉಗುರಿನಷ್ಟು ಗಾಯಕ್ಕೆ ಅದನ್ನೇ ಹೇಳಿದಾಗ ಮಾತ್ರ ಅನುಮಾನಿಸಿ.

ಈ ಪೇಂಟರುಗಳ ಬಗ್ಗೆ ಇನ್ನೊಂದು ಮಾತು. ಕ್ಲಿಯರ್ ಕೋಟಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಅಸ್ತಮಾ ಬರುತ್ತದೆ. ನಮ್ಮ ರಸ್ತೆಬದಿ ಗ್ಯಾರೇಜುಗಳಲ್ಲಿ ಹದಿನೆಂಟು, ಇಪ್ಪತ್ತರ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅದನ್ನು ಹೊಡೆಯುತ್ತಿದ್ದಾರೆ. ಕರವಸ್ತ್ರ ಅದನ್ನು ತಡೆಯುವುದಿಲ್ಲ. ಐಟಿಐನಲ್ಲಿ ‘ಮೆಕ್ಯಾನಿಕ್ ಆಟೊ ಬಾಡಿ ಪೇಂಟಿಂಗ್’ ಎಂಬ ಒಂದು ವರ್ಷದ ಕೋರ್ಸ್ ಇದೆ ಎಂಬುದು ಎಷ್ಟು ಹುಡುಗರಿಗೆ ಗೊತ್ತು? ಕಣ್ಣು ಚುರುಕಿದ್ದವರಿಗೆ ಇದು ಮರ್ಯಾದೆಯ ಕಸುಬು. ಸರಿಯಾದ ಮಾಸ್ಕ್‌ ಕೊಡುವ ಗ್ಯಾರೇಜಿನವರು ನೂರಿನ್ನೂರು ಹೆಚ್ಚು ಕೇಳಿದರೆ ಚೌಕಾಸಿ ಮಾಡಬೇಡಿ.

ಕೇಳಬೇಕಾದ್ದನ್ನು ಕೇಳಬೇಕಾದಲ್ಲಿ ಕೇಳಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿತು. ಕೊಂಡ ವಸ್ತುವನ್ನು ದುರಸ್ತಿ ಮಾಡಿಸಿಕೊಳ್ಳಲು ಬೇಕಾದ ಮಾಹಿತಿ ಗ್ರಾಹಕರಿಗೆ ಸಿಗಬೇಕು ಎನ್ನುವುದು ಅದರ ಆಶಯ. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನಗಳೂ ಅದರ ನಾಲ್ಕು ಕ್ಷೇತ್ರಗಳಲ್ಲಿ ಒಂದು. ದುರಸ್ತಿಯ ಮಾಹಿತಿಯಲ್ಲಿ ಬಣ್ಣದ ಕೋಡಿಗಿಂತ ಸಣ್ಣದು, ಸುಲಭದ್ದು ಬೇರೇನಿದೆ? ಇದು ಎಂಜಿನ್ನಿನ ಗುಟ್ಟಲ್ಲ. ಕಾರನ್ನು ಬುಕ್ ಮಾಡುವಾಗಲೇ ಬಣ್ಣ ಆರಿಸಿದ್ದು ನಾವು, ದುಡ್ಡು ಕೊಟ್ಟಿದ್ದೂ ನಾವು. ಶೋರೂಮಿನವರು ಕೊಡುವ ಬಿಲ್ಲಿನಲ್ಲಿ ಇನ್ಶೂರೆನ್ಸಿಗೆ ಒಂದು ಸಾಲಿದೆ, ಕಾಲೊರಸಿಗೆ ಒಂದು ಸಾಲಿದೆ, ಮಡ್‌ಫ್ಲಾಪಿಗೂ ಒಂದಿದೆ. ಬಣ್ಣದ ಹೆಸರಿನ ಮುಂದೆ ಅದರ ಕೋಡನ್ನೂ ಅಚ್ಚುಹಾಕಿದರೆ ಕಂಪನಿಗೆ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರ ಕೈಗೆ ಆ ಬಿಲ್ಲು ಬರುವುದಿಲ್ಲವಾದ್ದರಿಂದ ಆರ್‌ಸಿಯ ಬಣ್ಣದ ಕಾಲಂನಲ್ಲೂ ಅದು ಇರಲಿ. ಬಾಗಿಲಿನ ಚೀಟಿಯ ಮೇಲೆ ‘ಬಣ್ಣದ ಕೋಡ್’ ಎಂದು ಕನ್ನಡದಲ್ಲೇ ಬರೆದರೂ ಯಾರೂ ಬೇಡ ಎನ್ನುವುದಿಲ್ಲ.

ಅಲ್ಲಿಯತನಕ, ಚೀಟಿ ಬಿಸಿಲಿಗೆ ಮಾಸುವ ಮುಂಚೆ ಅದರ ಒಂದು ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಎಲ್ಲೂ ಕಾಣದಿದ್ದರೆ ಮುಂದಿನ ಸರ್ವಿಸಿಗೆ ಹೋದಾಗ ಚಾಸಿ ನಂಬರ್ ಕೊಟ್ಟು, ಸಿಸ್ಟಮ್ಮಿನಲ್ಲಿ ಇರುವುದನ್ನು ಜಾಬ್ ಕಾರ್ಡಿನ ಮೇಲೆ ಬರೆದುಕೊಡಿ ಎಂದು ಕೇಳಿ.